ಮಗಳಿಗೆ 'ಇಬ್ಬನಿ' ಎಂದು ಹೆಸರಿಡಬಹುದೇ? ಅನುಭವವಿದ್ದವರು ತಿಳಿಸಿ

ಬೆಂಗಳೂರಿನ ತಾಯಿ: ಮಗುವಿಗೆ ಈಗ ಎರಡು ತಿಂಗಳು. 'ಇಬ್ಬನಿ' ಎಂಬ ಹೆಸರು ನಮ್ಮಿಬ್ಬರಿಗೂ ಹಿಡಿಸಿದೆ. ಬಿಸಿಲೇರಿದರೆ ಕರಗುವುದನ್ನು ಹೆಣ್ಣುಮಗುವಿಗೆ ಹೆಸರಾಗಿ ಇಡಬಾರದೆಂದು ಅತ್ತೆಯವರು ಹಟ ಹಿಡಿದಿದ್ದಾರೆ. ಅಪರೂಪದ ಹೆಸರು ಇಟ್ಟವರು, ಇಟ್ಟುಕೊಂಡವರು ದಯವಿಟ್ಟು ಹೇಳಿ.

ದಾವಣಗೆರೆಯವರು: ನನಗಿಂತ ಮೊದಲು ಹುಟ್ಟಿದ ಇಬ್ಬರು ಕೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು, ತಿಪ್ಪೇಶ ಎಂದು ಕರೆದರು. ಕಚೇರಿಯಲ್ಲಿ ಹೊಸಬರು ಬಂದಾಗಲೆಲ್ಲ ಅರ್ಥ ಹೇಳಿ ಹೇಳಿ ಸಾಕಾಗಿ 2016ರಲ್ಲಿ ಬದಲಾಯಿಸಿಕೊಂಡೆ. ನೋಟರಿ ಪ್ರಮಾಣಪತ್ರಕ್ಕೆ 350 ರೂಪಾಯಿ, ಎರಡು ಪತ್ರಿಕೆಗಳ ಜಾಹೀರಾತಿಗೆ 2,850; ಒಂದರಲ್ಲಿ ಇನಿಷಿಯಲ್ ತಪ್ಪಾಗಿ ಅಚ್ಚಾಗಿ ಮತ್ತೆ 1,300. ಇಷ್ಟಾದರೂ ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಳೆಯ ಹೆಸರೇ ಇದೆ. ಎಲ್ಲಿಗೆ ಹೋದರೂ ಆ ಪ್ರಮಾಣಪತ್ರದ ಜೆರಾಕ್ಸ್ ಜೊತೆಗಿರಬೇಕು.

ಚಳ್ಳಕೆರೆಯವರು: ಓದಿ ಬಹಳ ನೋವಾಯಿತು. 'ಮಾಡಿದಷ್ಟು ನೀಡು ಭಿಕ್ಷೆ' ಎಂದ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಹೆಸರಿಗೆ ನಾಚಿಕೆಪಡುವುದೇ? ನನ್ನ ಮಗನಿಗೂ ತಿಪ್ಪೇಸ್ವಾಮಿ ಎಂದೇ ಇಟ್ಟಿದ್ದೇನೆ.

ದಾವಣಗೆರೆಯವರು: ಸ್ವಾಮಿ, ನಾನು ದೇವರನ್ನು ಹಳಿದಿಲ್ಲ, ನಾಯಕನಹಟ್ಟಿಯ ತೇರಿಗೆ ನಾನೂ ಬರುತ್ತೇನೆ. ನಿಮ್ಮ ಮಗ ಊರು ಬಿಟ್ಟು ಕೆಲಸಕ್ಕೆ ಸೇರಲಿ, ಆಮೇಲೆ ಅವನನ್ನೇ ಕೇಳಿ.

ಉಡುಪಿಯ ತಾಯಿ: ನಾವು 2010ರಲ್ಲಿ ಮಗಳಿಗೆ ಸಿರಿ ಎಂದು ಹೆಸರಿಟ್ಟೆವು. ಕನ್ನಡದಲ್ಲಿ ಅದು ಸಂಪತ್ತು, ನಮ್ಮ ತುಳುನಾಡಿನಲ್ಲಿ ಪಾಡ್ದನವೆಂಬ ಜನಪದ ಕಥನಗೀತೆಯ ನಾಯಕಿ ಸಿರಿ. ಮರುವರ್ಷವೇ ಆ್ಯಪಲ್ ಕಂಪನಿಯ ಐಫೋನ್ 4ಎಸ್‌ನಲ್ಲಿ ಮಾತಾಡುವ ಸಹಾಯಕಿಗೂ ಅದೇ ಹೆಸರು ಬಂತು. ಏಳನೇ ತರಗತಿಯಲ್ಲಿ 'ಸಿರಿ, ಇವತ್ತು ಮಳೆ ಬರುತ್ತದಾ?' ಎಂದು ಹುಡುಗರು ದಿನವೂ ಕೇಳುತ್ತಿದ್ದರು. ಒಂದು ಸಂಜೆ ಅವಳು ಚೀಲವನ್ನು ಜಗಲಿಯ ಮೇಲೆ ಎಸೆದು, ಊಟ ಮಾಡದೆ ಮಲಗಿದಳು. ಆದರೂ ನಾವು ಬದಲಾಯಿಸಲಿಲ್ಲ.

ಚಳ್ಳಕೆರೆಯವರು: ನೋಡಿ, ಈ ತಾಯಿಗಿರುವ ಧೈರ್ಯ ಎಲ್ಲರಿಗೂ ಇರಬೇಕು.

ಉಡುಪಿಯ ತಾಯಿ: ನನ್ನ ಮಗಳ ಕಣ್ಣೀರನ್ನು ನಿಮ್ಮ ಜಗಳಕ್ಕೆ ಎಳೆಯಬೇಡಿ. ಆ ರಾತ್ರಿ ಬದಲಾಯಿಸಿಬಿಡೋಣವೆಂದು ನನಗೂ ಅನ್ನಿಸಿತ್ತು.

ಹಾಸನದವರು: ನಾವು ಅವಸರಪಟ್ಟು ಕೆಟ್ಟೆವು. ಜನನ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಹೆಸರು ಸೇರಿಸಬಹುದೆಂದು ತಿಳಿಯದೆ, ಹೆರಿಗೆಯ ಮೂರನೆಯ ದಿನವೇ 'ಋತ್ವಿ' ಎಂದು ಬರೆಸಿದೆವು. ಜನನ ಪತ್ರದಲ್ಲಿ 'ರುತ್ವಿ', ಆಧಾರ್‌ನಲ್ಲಿ 'ರಿತ್ವಿ' ಎಂದಾಯಿತು. ಮೊನ್ನೆ ಶಾಲೆಯಲ್ಲಿ ಯಾವುದು ಸರಿಯೆಂದು ಕೇಳಿದರು; ಎರಡೂ ಅಲ್ಲವೆಂದು ಹೇಳಬೇಕಾಯಿತು.