ಸಹಾಯ ಬೇಕು: ಯುರೇನಿಯಂ ವಿದಳನದಲ್ಲಿ (ಪರಮಾಣುವಿನ ಬೀಜ ಒಡೆಯೋದು) ಶಾಖಕ್ಕೆ ಸಿಗೋದು 190 ಎಂಇವಿನಾ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ), 200ಆ?

ಯುರೇನಿಯಂ 235ಕ್ಕೆ ನ್ಯೂಟ್ರಾನ್ ಬಡಿದು ಬೇರಿಯಂ 141, ಕ್ರಿಪ್ಟಾನ್ 92, ಜೊತೆಗೆ ಮೂರು ನ್ಯೂಟ್ರಾನ್ ಬರೋ ಕ್ರಿಯೆ ಇದು. ಎಡಗಡೆ ಒಟ್ಟು ರಾಶಿ 236.0526 ಪರಮಾಣು ರಾಶಿ ಏಕಮಾನ, ಬಲಗಡೆ 235.8666. ವ್ಯತ್ಯಾಸ 0.1860. ಅದನ್ನ 931.5ರಿಂದ (ಒಂದು ಏಕಮಾನ ರಾಶಿಗೆ ಸಮನಾದ ಶಕ್ತಿ, ಎಂಇವಿಯಲ್ಲಿ) ಗುಣಿಸಿದ್ರೆ 173 ಎಂಇವಿ. ಪುಸ್ತಕಗಳಲ್ಲೆಲ್ಲ ಇರೋದು ಸುಮಾರು 200.

ದಶಮಾಂಶ ಆರು ಸ್ಥಾನ ಇಟ್ಟೂ ನೋಡಾಯ್ತು, ಕಾರಣ ಅದಲ್ಲ. ಎಲೆಕ್ಟ್ರಾನ್ ಲೆಕ್ಕನೂ ಸರಿಹೋಗುತ್ತೆ (56+36=92). ಆಮೇಲೆ ಚೂರುಗಳ ಬೀಟಾ ಕ್ಷಯದ (ಬೀಜದ ನ್ಯೂಟ್ರಾನ್ ಪ್ರೋಟಾನ್ ಆಗಿ ಎಲೆಕ್ಟ್ರಾನ್ ಹೊರಬೀಳೋದು) ಶಕ್ತಿ ಸೇರಿಸಿದೆ: ಬೇರಿಯಂ ಹೋಗಿ ಪ್ರೇಸಿಯೋಡಿಮಿಯಂ 141 ಆಗೋವರೆಗೆ 6.3, ಕ್ರಿಪ್ಟಾನ್ ಹೋಗಿ ಜಿರ್ಕೋನಿಯಂ 92 ಆಗೋವರೆಗೆ 19.7. ಒಟ್ಟು 199! ಇಲ್ಲಿವರೆಗೆ ತಕರಾರಿಲ್ಲ.

ಸಿಕ್ಕಿಕೊಂಡಿರೋದು ಇಲ್ಲಿ. ಬೀಟಾ ಕ್ಷಯದಲ್ಲಿ ಹುಟ್ಟೋ ಆಂಟಿನ್ಯೂಟ್ರಿನೊಗಳು (ವಸ್ತುವಿನ ಜೊತೆ ಬಹುತೇಕ ಬೆರೆಯದ ಕಣಗಳು) ಒಂದು ವಿದಳನಕ್ಕೆ ಸರಾಸರಿ 9 ಎಂಇವಿಯಷ್ಟು ಹೊತ್ಕೊಂಡು ಗೋಡೆ ದಾಟಿ ಹೋಗಿಬಿಡ್ತವೆ, ನೀರು ಕಾಯಿಸೋದಿಲ್ಲ. ಉಳಿಯೋದು 190. ಆದ್ರೂ ರಿಯಾಕ್ಟರ್ ಶಾಖದ ಲೆಕ್ಕಕ್ಕೂ 200 ಅನ್ನೇ ಹಾಕ್ತಾರಲ್ಲ?

ಮುಂದಿನ ವಿದಳನಕ್ಕೆ ಬಳಕೆಯಾಗದೆ ಮಿಕ್ಕ ನ್ಯೂಟ್ರಾನ್‌ಗಳನ್ನ ಯುರೇನಿಯಂ 238, ಇಂಧನ ಕೊಳವೆಯ ಲೋಹ ಇವೆಲ್ಲ ಹೀರಿಕೊಂಡಾಗ ಹೊಮ್ಮೋ ಗಾಮಾ ಕಿರಣ ಈ ಕೊರತೆ ತುಂಬುತ್ತಾ? ಕೈಗಾದಂಥ ಭಾರಜಲ ರಿಯಾಕ್ಟರ್‌ಗೆ ಒಂದು ವಿದಳನಕ್ಕೆ ಈ ಗಾಮಾ ಶಕ್ತಿನ ಎಷ್ಟು ಎಂಇವಿ ಅಂತ ಹಿಡೀಬೇಕು, ಹೇಗೆ ಲೆಕ್ಕ ಹಾಕ್ಬೇಕು? ಗೊತ್ತಿರೋರು ಹಂತ ಸಮೇತ ಹೇಳಿ.