ಎಸ್ಟೀಮ್ ವಿಎಕ್ಸ್: ಪವರ್ ಸ್ಟೀರಿಂಗ್, ಬ್ರೇಕ್ ಬೂಸ್ಟರ್ ಎರಡೂ ತಗೀಬಹುದೇನ್ರಿ? ರಸ್ತೆಗೂ ನಡೀಬೇಕು, ಡ್ರ್ಯಾಗ್‌ಗೂ ನಡೀಬೇಕು

ಉಣಕಲ್_1298

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಮಾರುತಿ ಎಸ್ಟೀಮ್ ವಿಎಕ್ಸ್ ಕಾರು, 1.3 ಲೀಟರಿನ 16 ವಾಲ್ವ್ ಎಂಪಿಎಫ್‌ಐ ಇಂಜಿನ್. ಬಿರುಸಿನ ಕ್ಯಾಮ್ (ವಾಲ್ವ್ ಜಾಸ್ತಿ ಹೊತ್ತು ತೆರೆದಿಡೋ ಶಾಫ್ಟ್) ಕುಂತೈತಿ, ಹೆಡರ್ (ಇಂಜಿನ್ನಿನ ಹೊಗಿ ಪೈಪ್) ಬದಲಾಗೈತಿ. ದಿನಾ ಹುಬ್ಬಳ್ಳಿ–ಧಾರವಾಡ ಓಡಾಟ, ನಡುವ ಪರವಾನಗಿ ಇರೋ ಡ್ರ್ಯಾಗ್ ಮೀಟ್ (ನೇರ ಪಟ್ಟಿ ಮ್ಯಾಲಿನ ವೇಗದ ಸ್ಪರ್ಧೆ).

ತೊಂದರೆ ಎರಡು. ಒಂದು, ಐಡಲ್‌ನಾಗ ಬ್ರೇಕ್ ಬೂಸ್ಟರಿಗೆ (ಇಂಜಿನ್ನಿನ ಎಳೆತದಿಂದ ಕಾಲಿನ ಬಲ ಹೆಚ್ಚಸೋ ಡಬ್ಬಿ) ಬೇಕಾದ ವ್ಯಾಕ್ಯೂಮಿನ ಗೇಜ್ 9 ಇಂಚಿಗಿಂತ (ಪಾದರಸದ ಅಳತಿ) ಮ್ಯಾಲೆ ಏರವಲ್ದು. ಸಿಗ್ನಲ್‌ನಾಗ ಬ್ರೇಕ್ ಎರಡು ಸಲ ತುಳಿದ್ರ ಮೂರನೇ ಸಲ ಪೆಡಲ್ ಗಟ್ಟಿ. ಎರಡು, ಸ್ಟೀರಿಂಗ್ ಪಂಪ್ ಸೋರ್ತೈತಿ, ಗಾಲಿ ತಿರುವೋ ಹಲ್ಲಿನ ದಂಡ ಅಂದ್ರ ರ‍್ಯಾಕಿನ ಬೂಟ್‌ನಾಗೂ ಆಯಿಲ್ ಬಂದೈತಿ. ಎರಡನ್ನೂ ತಗದು ಪೂರಾ ಮ್ಯಾನ್ಯುವಲ್ ಮಾಡಿದ್ರ ತೂಕಾನೂ ಇಳೀತೈತಿ ಅಂತ ವಿಚಾರ. ಬೆಲ್ಟ್ ಬಿಚ್ಚಿ ಬಿಟ್ರ ಸಾಕೋ, ರ‍್ಯಾಕ್ ಬದಲಿ ಮಾಡಬೇಕೋ? ಬೂಸ್ಟರ್ ತಗದು ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದ್ರ ಬ್ರೇಕ್ ಆಯಿಲ್ ದಬ್ಬೋದು) ಸೀದಾ ಇಂಜಿನ್ ಮತ್ತ ಕ್ಯಾಬಿನ್ ನಡುವಿನ ತಗಡು ಅಂದ್ರ ಫೈರ್‌ವಾಲ್‌ಗೆ ಕೂಡಿಸಿದ್ರ ನಡೀತೈತೇನು?

ಗೋಕುಲರೋಡ್_ಲೇತ್

ಸ್ಟೀರಿಂಗ್ ಬಗ್ಗೆ ನಾ ಹೇಳ್ತೀನಿ, ಬ್ರೇಕಿಂದು ತಿಳಿದವ್ರು ಹೇಳ್ಲಿ.

ಬೆಲ್ಟ್ ಅಷ್ಟೇ ಬಿಚ್ಚಿ ಓಡಸಬ್ಯಾಡ್ರಿ. ಪವರ್ ರ‍್ಯಾಕಿನ ಒಳಗ ಒಂದು ಪಿಸ್ಟನ್ ಐತಿ, ಎರಡೂ ಬಾಜೂ ಆಯಿಲ್. ಪಂಪ್ ನಿಂತ ಮ್ಯಾಲೆ ನೀವು ಸ್ಟೀರಿಂಗ್ ತಿರುವಿದಾಗೆಲ್ಲ ಆ ಆಯಿಲನ್ನ ಸಣ್ಣ ವಾಲ್ವ್ ದಾರಿಯಿಂದ ಆಚಿಂದೀಚೆ ನಿಮ್ಮ ತೋಳೇ ದಬ್ಬಬೇಕು. ಅದರ ಮ್ಯಾಲೆ ಪವರ್ ರ‍್ಯಾಕಿನ ರೇಶಿಯೋ ಚುರುಕು: ಕಡಿಮಿ ಸುತ್ತಿನಾಗ ಲಾಕ್‌ನಿಂದ ಲಾಕ್‌ಗೆ ಹೋಗ್ತೈತಿ, ಅಷ್ಟೇ ಒಜ್ಜಿ ಆಗ್ತೈತಿ. ದುರ್ಗದಬೈಲ್ ಸಂದಿಯೊಳಗ ಪಾರ್ಕ್ ಮಾಡೂದು ತ್ರಾಸು.

ಮತ್ತೊಂದು ಮಾತು ಭಾಳ ಮಂದಿಗೆ ಗೊತ್ತಿರಂಗಿಲ್ಲ. ಪಿನಿಯನ್ (ಸ್ಟೀರಿಂಗ್ ಶಾಫ್ಟಿನ ತುದಿಯ ಹಲ್ಲಿನ ಗಾಲಿ) ಒಳಗ ತೆಳ್ಳಗಿನ ಟಾರ್ಶನ್ ಬಾರ್ ಐತಿ. ಅದು ಕೆಲವು ಡಿಗ್ರಿ ತಿರುಚಿಕೊಂಡ ಮ್ಯಾಲೇ ವಾಲ್ವ್ ತೆರೀತೈತಿ. ಒತ್ತಡ ಇಲ್ಲದಾಗ ಅದೇ ತಿರುಚು ನಡು ಜಾಗದಾಗ ಸಡಿಲಾಗಿ ಕೈಗೆ ಬರ್ತೈತಿ. ಡ್ರ್ಯಾಗ್ ಸ್ಟ್ರಿಪ್ ಮ್ಯಾಲೆ ಗಾಡಿ ನೇರ ಹಿಡಿಯುವಾಗ ಸಡಿಲು ಇರಬಾರದ್ದು ಅದೇ ಜಾಗದಾಗ. ಕೆಲವರು ಆ ಬಾರ್‌ಗೆ ವೆಲ್ಡ್ ಹಾಕಿ, ಪಿಸ್ಟನ್ ಸೀಲ್ ತಗದು, ಪೈಪ್ ಎಲ್ಲಾ ಬಿಚ್ಚಿ ರ‍್ಯಾಕನ್ನ ಒಣಾ ಮಾಡ್ತಾರ. ಕೆಲಸ ಆಗ್ತೈತಿ, ಆದ್ರ ವೆಲ್ಡ್ ಕಾವಿಗೆ ಗಡಸುತನ ಹೋದ ಪಿನಿಯನ್ ಮುರಿದ್ರ ಕೈಯಾಗ ಬರೇ ಚಕ್ರ ಉಳೀತೈತಿ. ರಸ್ತೆ ಗಾಡಿಗೆ ನಾ ಒಪ್ಪಂಗಿಲ್ಲ.

ಸರಳ ದಾರಿ ಕಂಪನೀನೇ ಇಟ್ಟೈತಿ: ಎಸ್ಟೀಮಿಂದೇ ಹಳೇ ಎಲ್‌ಎಕ್ಸ್ ಮಾಡೆಲ್ ಮ್ಯಾನ್ಯುವಲ್ ಸ್ಟೀರಿಂಗಿಂದು, ಅದರ ರ‍್ಯಾಕ್ ಹುಡುಕ್ರಿ. ಗುಜರಿಯಿಂದ ತರೂದಾದ್ರ ಎರಡೂ ರ‍್ಯಾಕ್ ಬಾಜೂಬಾಜೂ ಇಟ್ಟು ಮೂರು ಅಳತಿ ತಾಳೆ ನೋಡ್ರಿ: ಕ್ಲಾಂಪ್ ಬೋಲ್ಟಿನ ಅಂತರ, ಪಿನಿಯನ್ ಸ್ಪ್ಲೈನ್ ಹಲ್ಲಿನ ಎಣಿಕೆ, ಮತ್ತ ಒಳಗಿನ ಎರಡು ಬಾಲ್ ಜಾಯಿಂಟ್ ನಡುವಿನ ಅಂತರ. ಮೂರನೇದು ತಪ್ಪಿದ್ರ ಗಾಡಿ ಏರಿಳಿದಾಗೊಮ್ಮೆ ಟೋ (ಮುಂದಿನ ಗಾಲಿ ಒಳಗ-ಹೊರಗ ತಿರುಗಿರೋ ಕೋನ) ಬದಲಾಗ್ತೈತಿ. ಲಾಂಚ್‌ನಾಗ (ಸ್ಪರ್ಧೆ ಶುರುವಿನ ಜಿಗಿತದಾಗ) ಮೂತಿ ಮ್ಯಾಲೇಳೂ ಗಾಡಿ ಆಗ ಎಡಕ್ಕ ಬಲಕ್ಕ ಅಲಿಯಾಕ ಹತ್ತತೈತಿ. ಇಂಟರ್‌ಮೀಡಿಯೆಟ್ ಶಾಫ್ಟನ್ನೂ ಅದೇ ಎಲ್‌ಎಕ್ಸ್ ಗಾಡೀದು ತಗೋರಿ.

ಕೂಡಿಸುವಾಗ ರ‍್ಯಾಕನ್ನ ಲಾಕ್‌ನಿಂದ ಲಾಕ್‌ಗೆ ತಿರುವಿ ಸುತ್ತು ಎಣಿಸಿ ಅರ್ಧಕ್ಕ ನಿಲ್ಲಸ್ರಿ, ಆಮ್ಯಾಲೆ ಸ್ಟೀರಿಂಗ್ ಚಕ್ರ ನೆಟ್ಟಗಿಟ್ಟು ಜೋಡಸ್ರಿ. ಪಿಂಚ್ ಬೋಲ್ಟ್ ಶಾಫ್ಟಿನ ತೋಡಿನೊಳಗಿಂದನ ಹಾಯಬೇಕು. ತೋಡು ತಪ್ಪಿ ಕುಂತ್ರೂ ಬೋಲ್ಟ್ ಬಿಗಿ ಆದಂಗ ಅನಸ್ತೈತಿ, ನಾಲ್ಕು ದಿನಕ್ಕ ಶಾಫ್ಟ್ ಜಾರ್ತೈತಿ. ಪಂಪ್, ಬ್ರ್ಯಾಕೆಟ್, ಡಬ್ಬಿ, ಪೈಪ್ ಎಲ್ಲಾ ಹೊರಗ. ಪಂಪಿಗೆ ಪ್ರೆಶರ್ ಸ್ವಿಚ್ಚಿನ ವೈರ್ ಇದ್ರ ತುದಿ ಬಿಡಿಬಿಡಿ ಟೇಪ್ ಸುತ್ತಿ ಕಟ್ರಿ, ಒಂದಕ್ಕೊಂದು ಜೋಡಸಬ್ಯಾಡ್ರಿ. ಜೋಡಿಸಿದ್ರ ಸದಾ ಸ್ಟೀರಿಂಗ್ ತಿರುವಾಕತ್ತಾರ ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ತಿಳಕೊಂಡು ಐಡಲ್ ಏರಸ್ತೈತಿ.

ಇದರಿಂದ ಇಂಜಿನ್‌ಗೆ ಭಾಳ ಪವರ್ ಉಳೀತೈತಿ ಅನ್ನೂ ಆಸೆ ಬ್ಯಾಡ. ಸ್ಟೀರಿಂಗ್ ನೆಟ್ಟಗಿದ್ದಾಗ ಪಂಪ್ ತಿನ್ನೂದು ಕಡಿಮಿ. ಲಾಭ ಅಂದ್ರ ಮುಂಭಾಗದ ತೂಕ ಇಳಿಯೂದು, ಸೋರಿಕೆ ನಿಲ್ಲೂದು.

ಸಪ್ತಾಪುರ_ಹೈಡ್ರಾಲಿಕ್ಸ್

ಬ್ರೇಕ್ ವಿಷಯಕ್ಕೆ ಬರೋಣ. ಬೂಸ್ಟರ್ ಬಿಚ್ಚಿ ಅದೇ ಮಾಸ್ಟರ್, ಅದೇ ಪೆಡಲ್ ಇಟ್ಟರೆ ಏನಾಗುತ್ತದೆ ಎಂದು ಮೊದಲು ಲೆಕ್ಕ ಹಾಕಿ. ನಿಮ್ಮ ಮಾಸ್ಟರಿನ ಬೋರ್ ಅದರ ಮೈಮೇಲೇ ಅಚ್ಚಾಗಿರುತ್ತದೆ, ಅದನ್ನು ನೋಡಿಕೊಳ್ಳಿ. ಇಲ್ಲಿ ಉದಾಹರಣೆಗೆ 13/16 ಇಂಚು ಹಿಡಿಯುತ್ತೇನೆ. ಅಂದರೆ 20.64 ಮಿಮೀ, ಕ್ಷೇತ್ರಫಲ 3.35 ಚದರ ಸೆಂ.ಮೀ.

ಕಾಲಿನ ಬಲ 40 ಕೆಜಿ, ಪೆಡಲ್ ರೇಶಿಯೋ 4:1 ಆದರೆ ಪುಶ್ ರಾಡ್ ಮೇಲೆ 160 ಕೆಜಿ. ಪರಿಣಾಮಕಾರಿ ವ್ಯಾಸ 7 ಇಂಚಿನ ಬೂಸ್ಟರ್ 20 ಇಂಚು ವ್ಯಾಕ್ಯೂಮ್‌ನಲ್ಲಿ ಹೆಚ್ಚೆಂದರೆ ಸುಮಾರು 170 ಕೆಜಿ ಸೇರಿಸುತ್ತದೆ. ಲೈನಿನ ಒತ್ತಡ ಚದರ ಸೆಂ.ಮೀ.ಗೆ 99 ಕೆಜಿ. ನಿಮ್ಮ 9 ಇಂಚಿನಲ್ಲಿ ಬೂಸ್ಟರ್ ಕೊಡುವುದು 77 ಕೆಜಿ ಮಾತ್ರ, ಒತ್ತಡ 71ಕ್ಕೆ ಇಳಿಯುತ್ತದೆ. ಬೂಸ್ಟರ್ ಪೂರ್ತಿ ತೆಗೆದು ಬೇರೇನೂ ಬದಲಿಸದಿದ್ದರೆ 48. ಸರಿಯಾಗಿರುವ ಗಾಡಿಯ ಅರ್ಧಕ್ಕೂ ಕಡಿಮೆ. ಈ ಸ್ಥಿತಿಯಲ್ಲಿ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯಬಾರದು, ಊರೊಳಗೂ ಓಡಿಸಬಾರದು.

ಪೆಡಲ್ ರೇಶಿಯೋ 6:1 ಮಾಡಿದರೆ ಅದೇ ಬೋರಿನಲ್ಲಿ 72 ಸಿಗುತ್ತದೆ. ಜೊತೆಗೆ 3/4 ಇಂಚಿನ ಮಾಸ್ಟರ್ ಹಾಕಿದರೆ 84. ಅಂದರೆ ಮ್ಯಾನ್ಯುವಲ್ ಬ್ರೇಕ್ ಅಸಾಧ್ಯವಲ್ಲ, ಆದರೆ ಅದರ ಬೆಲೆ ಪೆಡಲ್ ಓಟದಲ್ಲಿ ತೆರಬೇಕು. ರೇಶಿಯೋದಿಂದ ಒಂದೂವರೆ ಪಟ್ಟು, ಬೋರಿನಿಂದ 1.17 ಪಟ್ಟು, ಒಟ್ಟು 1.76. ಇಂದು 50 ಮಿಮೀ ಇಳಿಯುವ ಪೆಡಲ್ ಆಗ 88 ಮಿಮೀ ಇಳಿಯುತ್ತದೆ. ಹಿಂದಿನ ಡ್ರಮ್ಮಿನ ಲೈನರ್ ಸಡಿಲವಿದ್ದರೆ, ರಬ್ಬರ್ ಹೋಸ್ ಹಳೆಯದಾಗಿ ಉಬ್ಬುತ್ತಿದ್ದರೆ ಪೆಡಲ್ ನೆಲ ಮುಟ್ಟುತ್ತದೆ.

ಆದರೂ ನನ್ನ ಅಭಿಪ್ರಾಯ: ಬೂಸ್ಟರ್ ಇಟ್ಟುಕೊಳ್ಳಿ, ವ್ಯಾಕ್ಯೂಮ್ ಸರಿಪಡಿಸಿ. ಸ್ಟ್ರಿಪ್ಪಿನ ಕೊನೆಯಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಆರ್‌ಪಿಎಂ ಮೇಲಿರುತ್ತದೆ, ಥ್ರಾಟಲ್ ಮುಚ್ಚಿರುತ್ತದೆ. ಬಿರುಸಿನ ಕ್ಯಾಮ್ ಇದ್ದರೂ ಆಗ ವ್ಯಾಕ್ಯೂಮ್ ಚೆನ್ನಾಗಿ ಏರುತ್ತದೆ, ಬೂಸ್ಟರ್ ತುಂಬುತ್ತದೆ. ಕೊರತೆ ಬರುವುದು ಐಡಲ್‌ನಲ್ಲಿ, ಅಂದರೆ ಸ್ಪರ್ಧೆಯ ಗೆರೆಗೆ ಗಾಡಿ ತಂದು ನಿಲ್ಲಿಸುವ ಸ್ಟೇಜಿಂಗ್‌ನಲ್ಲಿ ಮತ್ತು ನಿಮ್ಮ ಸಿಗ್ನಲ್‌ನಲ್ಲಿ. ಒಳ್ಳೆಯ ಒನ್‌ವೇ ವಾಲ್ವ್ ಮತ್ತು ಒಂದು ವ್ಯಾಕ್ಯೂಮ್ ಟ್ಯಾಂಕ್ ಇದ್ದರೆ, ವೇಗದಲ್ಲಿ ಕಾಲು ತೆಗೆದಾಗ ಸಿಕ್ಕ ವ್ಯಾಕ್ಯೂಮ್ ಅಲ್ಲೇ ಉಳಿದು ಸಿಗ್ನಲ್‌ನಲ್ಲಿ ಇನ್ನೂ ಕೆಲವು ತುಳಿತಕ್ಕೆ ಬರುತ್ತದೆ. ಸಾಲದಿದ್ದರೆ ರಿಲೇ ಮತ್ತು ವ್ಯಾಕ್ಯೂಮ್ ಸ್ವಿಚ್ ಇರುವ ಎಲೆಕ್ಟ್ರಿಕ್ ಪಂಪ್.

ಮೊದಲು ಖರ್ಚಿಲ್ಲದ ಪರೀಕ್ಷೆ. ಇಂಜಿನ್ ಬಂದ್ ಮಾಡಿ ಐದು ನಿಮಿಷ ಬಿಟ್ಟು ತುಳಿಯಿರಿ. ಮೊದಲ ತುಳಿತವೇ ಗಟ್ಟಿ ಇದ್ದರೆ ಒನ್‌ವೇ ವಾಲ್ವ್, ಹೋಸ್ ಅಥವಾ ಬೂಸ್ಟರ್ ಸೋರುತ್ತಿದೆ, ತಪ್ಪು ಕ್ಯಾಮಿನದಲ್ಲ. ಆಮೇಲೆ ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಒಳಗೆ ಇಳಿಯಬೇಕು.

ತಾರಿಹಾಳ_ಫ್ಯಾಬ್

ಮ್ಯಾಲಿನ ಲೆಕ್ಕ ಖರೇ ಐತಿ. ಆದ್ರ ಮುಂದ ನಾಲ್ಕು ಥ್ರಾಟಲ್ ಬಾಡಿ (ಸಿಲಿಂಡರಿಗೊಂದು ಗಾಳಿ ಬಾಗಿಲು) ಹಾಕೋ ವಿಚಾರ ಇದ್ರ ವ್ಯಾಕ್ಯೂಮ್ ಹೆಂಗೂ ಸರಿ ಸಿಗೂದಿಲ್ಲ, ಆಗ ಮ್ಯಾನ್ಯುವಲ್ ಬ್ರೇಕೇ ಚಲೋ. ಮಾಡೂದಾದ್ರ ಹಿಂಗ ಮಾಡ್ರಿ.

ಪೆಡಲ್ ಪಿವಟ್‌ನಿಂದ ಪ್ಯಾಡಿನ ನಡುವಿನ ತನಕ ಅಳೀರಿ. 260 ಮಿಮೀ ಐತಿ ಅಂತ ಹಿಡೀರಿ. ಪುಶ್ ರಾಡಿನ ತೂತು ಪಿವಟ್‌ನಿಂದ 65 ಮಿಮೀಗೆ ಇದ್ರ 4:1, 43 ಮಿಮೀಗೆ ತಂದ್ರ 6:1. ತೂತು 22 ಮಿಮೀ ಮ್ಯಾಲೆ ಹೋತಲ್ಲ, ಮಾಸ್ಟರನ್ನೂ ಅಷ್ಟೇ ಮ್ಯಾಲೆ ಏರಸಬೇಕು. ಇಲ್ಲಂದ್ರ ರಾಡ್ ಓರೆಯಾಗಿ ಪಿಸ್ಟನ್ನನ್ನ ಒಂದು ಬಾಜೂ ಒತ್ತಿ ಬೋರ್ ಸವಿಸ್ತೈತಿ. ಓರೆ 5 ಡಿಗ್ರಿ ದಾಟಬಾರದು. ಹೊಸಾ ತೂತಿನ ಎರಡೂ ಮುಖಕ್ಕ ದಪ್ಪ ವಾಷರ್ ವೆಲ್ಡ್ ಮಾಡಿ ಬುಶ್ ಕೂಡಸ್ರಿ.

ಬೂಸ್ಟರಿನ ನಾಲ್ಕು ಸ್ಟಡ್ಡಿನ ಜಾಗಕ್ಕ 4 ಮಿಮೀ ಎಂಎಸ್ (ಮೆತ್ತನ ಉಕ್ಕು) ಪ್ಲೇಟ್, ಒಳಗಿನ ಬಾಜೂ ಇನ್ನೊಂದು ಪ್ಲೇಟ್, ನಡುವ ಫೈರ್‌ವಾಲ್ ತಗಡು. ತಗಡಿಗೇ ನೇರ ಬಿಗಿದ್ರ ಒತ್ತಿದಾಗ ತಗಡು ಬಾಗ್ತೈತಿ, ಪೆಡಲ್ ಮೆತ್ತಗ ಅನಸ್ತೈತಿ, ಗಾಳಿ ಐತಿ ಅಂತ ತಿಳಕೊಂಡು ಸುಮ್ಮ ಬ್ಲೀಡ್ ಮಾಡ್ತಾ (ಗಾಳಿ ತಗೀತಾ) ಕೂಡ್ತೀರಿ. ಒಬ್ಬರು ಜೋರಾಗಿ ತುಳೀಲಿ, ಇನ್ನೊಬ್ಬರು ಬಾನೆಟ್ ಎತ್ತಿ ಮಾಸ್ಟರ್ ನೋಡ್ಲಿ. ಕಣ್ಣಿಗೆ ಕಾಣೂವಂಗ ಅಲಗಾಡಿದ್ರ ಪ್ಲೇಟ್ ದೊಡ್ಡದು ಮಾಡ್ರಿ.

ಮಾಸ್ಟರ್ ಆರಿಸುವಾಗ ಮೋಸ ಆಗೂದು ಇಲ್ಲಿ: ಬೂಸ್ಟರ್ ಗಾಡಿ ಮಾಸ್ಟರಿನ ಪಿಸ್ಟನ್ ತಗ್ಗು ಆಳ ಇರಂಗಿಲ್ಲ. ಉದ್ದ ರಾಡ್ ಅದರಾಗ ನಿಲ್ಲಂಗಿಲ್ಲ, ಪೆಡಲ್ ಮ್ಯಾಲೆ ಬಂದಾಗ ಕಳಚಿ ಬೀಳ್ತೈತಿ. ಆಳ ತಗ್ಗು ಇರೋ, ಲಾಕ್ ಆಗೋ ರಾಡಿನ ಮ್ಯಾನ್ಯುವಲ್ ಮಾಸ್ಟರೇ ಬೇಕು. ಇಂಥಾ ಫ್ರಂಟ್ ವೀಲ್ ಗಾಡಿಗೆ ಲೈನ್ ಸಾಮಾನ್ಯ ಓರೆಯಾಗಿ ಹಂಚಿರ್ತಾರ: ಮುಂದಿನ ಬಲ, ಹಿಂದಿನ ಎಡ ಒಂದು, ಉಳಿದೆರಡು ಇನ್ನೊಂದು. ಹೊಸಾ ಮಾಸ್ಟರಿಗೂ ಅದೇ ಹಂಚಿಕಿ ಇರಬೇಕು. ಹಿಂದಿನ ಬ್ರೇಕಿನ ಪ್ರಪೋರ್ಶನಿಂಗ್ ವಾಲ್ವ್ (ಹಿಂದಿನ ಒತ್ತಡ ಕಡಿಮಿ ಇಡೋದು) ಮುಟ್ಟಬ್ಯಾಡ್ರಿ, ತಗದ್ರ ಹಿಂದಿನ ಗಾಲಿ ಮೊದಲು ಲಾಕ್ ಆಗಿ ಗಾಡಿ ತಿರುಗಿ ನಿಲ್ತೈತಿ.

ಮ್ಯಾನಿಫೋಲ್ಡಿನ ಬೂಸ್ಟರ್ ಬಾಯಿಗೆ ಥ್ರೆಡ್ ಪ್ಲಗ್ ಹಾಕ್ರಿ. ರಬ್ಬರ್ ಟೋಪಿ ಕಾವಿಗೆ ಸೀಳಿ ಹೊರಗಿನ ಗಾಳಿ ಎಳೀತೈತಿ.

ಬೆಟಗೇರಿ_ಅಲೈನ್‌ಮೆಂಟ್

ಗದಗಿನಿಂದ ಒಂದು ಮಾತ್ರಿ. ಮ್ಯಾನ್ಯುವಲ್ ರ‍್ಯಾಕ್ ಕುಂತ ಮ್ಯಾಲೆ ಟಯರ್, ರಿಮ್ ಆರಿಸೂದ್ರ ಮ್ಯಾಲೇ ಅರ್ಧ ಸುಖ ನಿಂತೈತಿ. ಗಾಲಿ ಹೊರಗ ಚಾಚೂ ರಿಮ್ ಹಾಕಿದ್ರ ನಿಂತಲ್ಲೇ ತಿರುವೂದು ಭಾರೀ ಒಜ್ಜಿ, ಲಾಂಚ್‌ನಾಗ ಸ್ಟೀರಿಂಗ್ ಕೈಯಿಂದ ಕಸಗೊಳ್ತೈತಿ. ಕಂಪನಿ ಆಫ್‌ಸೆಟ್‌ಗೆ ಹತ್ತಿರ ಇರ್ರಿ. ಸ್ಟ್ರಿಪ್ ಮ್ಯಾಲೆ ಮುಂದಿನ ಗಾಳಿ ಇಳಸ್ತೀರಲ್ಲ, ವಾಪಸ್ ರಸ್ತೆಗೆ ಇಳಿಯೂಮುಂದ ಕಂಪನಿ ಹೇಳಿದಷ್ಟು ತುಂಬಸ್ರಿ. ಸಣ್ಣ ರೇಸಿಂಗ್ ಸ್ಟೀರಿಂಗ್ ಚಕ್ರ ಬ್ಯಾಡ: 380 ಮಿಮೀ ಇದ್ದದ್ದು 330 ಆದ್ರ ಬಲ ಶೇ. 15 ಜಾಸ್ತಿ ಬೇಕು. ಪವರ್ ರ‍್ಯಾಕಿನ ಆಯಿಲ್ ತಗ್ಗಿನ ಹೊಡತ ನುಂಗ್ತಿತ್ತು, ಇನ್ನ ಅದು ಸೀದಾ ಕೈಗೆ ಬರ್ತೈತಿ. ಹೆಬ್ಬೆರಳು ಸ್ಪೋಕಿಗೆ ಸಿಕ್ಕಿಸಿ ಹಿಡೀಬ್ಯಾಡ್ರಿ.

ಉಣಕಲ್_1298

ಎಲ್ಲಾರಿಗೂ ಧನ್ಯವಾದ್ರಿ. ಸಪ್ತಾಪುರದವ್ರು ಹೇಳಿದ ಪರೀಕ್ಷೆ ಮಾಡಿದ್ಯಾ: ಐದು ನಿಮಿಷ ಬಿಟ್ರ ಮೊದಲ ತುಳಿತಾನೇ ಗಟ್ಟಿ. ಅಂದ್ರ ಒನ್‌ವೇ ವಾಲ್ವ್ ಏನ್ರಿ? ಸ್ಟೀರಿಂಗ್ ಎಲ್‌ಎಕ್ಸ್ ರ‍್ಯಾಕಿಗೆ ಹೋಗ್ತೀನಿ. ಆರ್‌ಟಿಓ ತಕರಾರು ಏನರ ಬರ್ತೈತೇನು?

ಸಪ್ತಾಪುರ_ಹೈಡ್ರಾಲಿಕ್ಸ್

ವಾಲ್ವ್ ಬಿಚ್ಚಿ ಬಾಯಿಂದ ಊದಿ. ಬೂಸ್ಟರ್ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಇಂಜಿನ್ ಕಡೆಯಿಂದ ಹೋಗಬಾರದು. ಎರಡೂ ಕಡೆ ಹೋದರೆ ವಾಲ್ವ್ ಬದಲಿಸಿ. ವಾಲ್ವ್ ಸರಿಯಿದ್ದರೆ ಹೋಸಿನ ತುದಿ ಸೀಳಿದೆಯೇ ನೋಡಿ, ಆಮೇಲೆ ಬೂಸ್ಟರಿನ ಡಯಾಫ್ರಮ್: ಇಂಜಿನ್ ಓಡುವಾಗ ಪೆಡಲ್ ಹತ್ತಿರ ಸುಯ್ ಎಂದು ನಿಲ್ಲದೆ ಕೇಳಿದರೆ ಅದು ಹರಿದಿದೆ. ಅಂಥ ಸೋರಿಕೆ ಇದ್ದರೆ ನಿಮ್ಮ 9 ಇಂಚೂ ಪೂರ್ತಿ ಕ್ಯಾಮಿನ ಲೆಕ್ಕವಲ್ಲ, ಬೂಸ್ಟರ್ ಹೋಸನ್ನು ಮುಚ್ಚಿ ಗೇಜ್ ಮತ್ತೊಮ್ಮೆ ನೋಡಿ.

ಕಾನೂನು: ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಬದಲಾವಣೆಗೆ ಮಿತಿ ಹಾಕುತ್ತದೆ. 2019ರ ತಿದ್ದುಪಡಿಯಿಂದ ಬಂದ 182ಎ(4)ರ ಪ್ರಕಾರ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. ಅದೇ ಮಾಡೆಲಿನ ಕಂಪನಿ ರ‍್ಯಾಕ್ ಮತ್ತು ಮನೆಯಲ್ಲಿ ಮಾಡಿದ ಬ್ರೇಕ್ ಪ್ಲೇಟ್ ಒಂದೇ ತೂಕದವಲ್ಲ. ರ‍್ಯಾಕ್ ಹಾಕುವ ಮೊದಲೇ ಆರ್‌ಟಿಓದಲ್ಲಿ ಕೇಳಿ, ವಿಮೆಯವರಿಗೂ ಬರಹದಲ್ಲಿ ತಿಳಿಸಿ.

ತಾರಿಹಾಳ_ಫ್ಯಾಬ್

ಬೂಸ್ಟರ್ ಬದಲಿ ಮಾಡಿದ್ರೂ, ಮುಂದ ಮ್ಯಾನ್ಯುವಲ್ ಮಾಡಿದ್ರೂ ಪುಶ್ ರಾಡ್ ಮತ್ತ ಮಾಸ್ಟರ್ ಪಿಸ್ಟನ್ ನಡುವ 1 ಮಿಮೀ ಸುಮಾರು ಸಡಿಲು ಬಿಡ್ರಿ. ಬಿಡದಿದ್ರ ಆಯಿಲ್ ಡಬ್ಬಿಗೆ ವಾಪಸ್ ಹೋಗೋ ಸಣ್ಣ ತೂತು ಮುಚ್ಚೇ ಇರ್ತೈತಿ, ಕಾವಿಗೆ ಒತ್ತಡ ಏರಿ ಬ್ರೇಕ್ ತಾನೇ ಹಿಡೀತೈತಿ. ಮಾಸ್ಟರ್ ಬಿಚ್ಚಿದ್ರ ಮೊದಲು ವೈಸ್‌ನಾಗ ಹಿಡಿದು ಗಾಳಿ ತಗೀರಿ, ಆಮ್ಯಾಲೆ ಗಾಲಿಗಳದ್ದು ಈ ಸರತಿಯಾಗ: ಹಿಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಮುಂದಿನ ಎಡ. ಹೊಸಾ ಡಬ್ಬಿ ಒಡದ ಡಾಟ್ 4 ಬ್ರೇಕ್ ಆಯಿಲ್ ಅಷ್ಟೇ. ಸ್ಟೀರಿಂಗ್ ಆಯಿಲ್ ಹತ್ತಿದ ಲಾಳಿಕಿ ಬಳಸಬ್ಯಾಡ್ರಿ, ರಬ್ಬರ್ ಉಬ್ಬತಾವ. ಪೆಡಲ್ ಒಂದು ನಿಮಿಷ ಒತ್ತಿ ಹಿಡೀರಿ, ಇಳೀಬಾರದು. ನಾಲ್ಕೂ ಗಾಲಿ ಜಾಕ್ ಮ್ಯಾಲೆ ಎತ್ತಿ ಬ್ರೇಕ್ ಬಿಟ್ಟ ಮ್ಯಾಲೆ ಕೈಯಿಂದ ಸಲೀಸು ತಿರುಗ್ತಾವೋ ನೋಡ್ರಿ. ಬ್ರೇಕ್ ಲೈಟ್ ಸ್ವಿಚ್ಚನ್ನೂ ಹೊಂದಿಸಿಕೊಂಡು, ಖಾಲಿ ಅಂಗಳದಾಗ 20, 40, 60 ವೇಗದಿಂದ ನಿಲ್ಲಿಸಿ ನೋಡಿದ ಮ್ಯಾಲೇ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ರಸ್ತೆಗೆ ಹಚ್ರಿ.