ದೊಡ್ಡಪ್ಪ ಕಳಿಸಿದ ಆ್ಯಪ್, ಭಾವ ಬಳಿದ ಮಸಿ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಈ ಆ್ಯಪ್ ಹಾಕಿಕೊಳ್ಳಿ. ಸುತ್ತಮುತ್ತಲಿನ ಎಲ್ಲ ವೈಫೈ ಪಾಸ್‌ವರ್ಡ್ ಒಂದೇ ಒತ್ತಿಗೆ ನಿಮ್ಮ ಮೊಬೈಲ್‌ನಲ್ಲಿ!! ತಪ್ಪದೆ ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಯಾರಾದರೂ ಹಾಕಿ ನೋಡಿದ್ದೀರಾ? ಹೊಸ ಟಿವಿ ಪಾಸ್‌ವರ್ಡ್ ಕೇಳುತ್ತಿದೆ. ನಮ್ಮ ಮನೆಯದ್ದೇ ನನಗೆ ಮರೆತುಹೋಗಿದೆ.

ನಾನು: ಹಾಕಬೇಡಿ ದೊಡ್ಡಪ್ಪ. ನಿಮ್ಮ ಮನೆಯದ್ದು ಬೇಕಾದರೆ ಯಾವ ಆ್ಯಪೂ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ.

ದೊಡ್ಡಪ್ಪ: ಹಾಕಿ ಆಯ್ತಲ್ಲ. ಲೊಕೇಶನ್ ಕೇಳಿತು, ಕೊಟ್ಟೆ. ಕಾಂಟ್ಯಾಕ್ಟ್ಸ್ ಕೇಳಿತು, ಕೊಟ್ಟೆ. ಈಗ ಜಾಹೀರಾತು ಓಡುತ್ತಿದೆ.

ಅಕ್ಕ: ಅಪ್ಪಾ!!

ಭಾವ: ಲೊಕೇಶನ್ ಕೇಳಿತು ಅಂದ್ರೆ ಕಳ್ಳ ಆ್ಯಪ್. ಅಷ್ಟೇ.

ನಾನು: ಅದೊಂದನ್ನೇ ನೋಡಿ ಹಾಗೆ ಹೇಳೋಕಾಗಲ್ಲ ಭಾವ. ಸುತ್ತ ಯಾವ್ಯಾವ ವೈಫೈ ಇವೆ ಅಂತ ಹುಡುಕುವ ಆ್ಯಪ್‌ಗೆ ಆಂಡ್ರಾಯ್ಡ್ 6ರಿಂದ ಲೊಕೇಶನ್ ಅನುಮತಿ ಬೇಕಾಯಿತು. ಒಳ್ಳೆಯ ಆ್ಯಪ್ ಕೂಡ ಕೇಳುತ್ತದೆ. ಆದರೆ ವೈಫೈಗೂ ಕಾಂಟ್ಯಾಕ್ಟ್ಸ್‌ಗೂ ಏನು ಸಂಬಂಧ? ಇನ್ನೊಂದು ವಿಷಯ. ಸೇವ್ ಆದ ಪಾಸ್‌ವರ್ಡ್‌ಗಳು ಕೂತಿರುವ ಫೈಲನ್ನು ಹೊರಗಿನ ಆ್ಯಪ್ ಮುಟ್ಟಲು ಆಂಡ್ರಾಯ್ಡ್ ಬಿಡುವುದೇ ಇಲ್ಲ, ಫೋನ್ ರೂಟ್ ಮಾಡಿರಬೇಕು, ಅಂದ್ರೆ ಆಂಡ್ರಾಯ್ಡ್ ಹಾಕಿದ ಕಾವಲು ತೆಗೆದು ಫೋನಿನ ಪೂರ್ತಿ ಹಿಡಿತ ಪಡೆದಿರಬೇಕು. ಪಕ್ಕದ ಮನೆಯ ಪಾಸ್‌ವರ್ಡ್ ಅಂತೂ ನಿಮ್ಮ ಫೋನಿನಲ್ಲೇ ಇಲ್ಲ. ಇಲ್ಲದ್ದನ್ನು ಎಲ್ಲಿಂದ ತಂದು ತೋರಿಸುತ್ತದೆ?

ಚಿಕ್ಕಮ್ಮ: ನಮ್ಮ ಆಫೀಸಿನ ಹುಡುಗನಿಗೆ ತೋರಿಸಿತ್ತಂತೆ.

ನಾನು: ತೋರಿಸಿರಬಹುದು. ಬಳಕೆದಾರರು ಹಂಚಿಕೊಂಡ ಪಾಸ್‌ವರ್ಡ್‌ಗಳನ್ನು ಕೂಡಿಟ್ಟು ಇನ್ನೊಬ್ಬರಿಗೆ ಕೊಡುವ ಆ್ಯಪ್‌ಗಳಿವೆ. ಅಲ್ಲಿ ಒಂದು ಸಿಕ್ಕಿತು ಅಂದ್ರೆ ಯಾರೋ ಪುಣ್ಯಾತ್ಮರು ಕೊಟ್ಟಿದ್ದಾರೆ ಅಂತ. ನಾಳೆ ಆ ಪುಣ್ಯಾತ್ಮ ನಮ್ಮ ದೊಡ್ಡಪ್ಪ.

ದೊಡ್ಡಪ್ಪ: ಸರಿ ಮಾರಾಯ, ತೆಗೆದೆ. ಈಗ ಟಿವಿಗೆ ಏನು ಹಾಕಲಿ?

ನಾನು: ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆಯಿರಿ. ನಿಮ್ಮ ನೆಟ್‌ವರ್ಕ್ ಹೆಸರಿನ ಪಕ್ಕದ ಚಕ್ರ ಒತ್ತಿ. ಶೇರ್ ಅಂತ ಇರುತ್ತದೆ. ಫೋನಿನ ಲಾಕ್ ಕೇಳುತ್ತದೆ, ಬೆರಳಿಡಿ.

ದೊಡ್ಡಪ್ಪ: ಲಾಕ್ ಏನೂ ಕೇಳಲಿಲ್ಲ. ನೇರ ಚುಕ್ಕಿಚುಕ್ಕಿ ಚೌಕ ಬಂತು. ಅಕ್ಷರ ಇಲ್ಲ. ಟಿವಿಗೆ ಕಣ್ಣಿಲ್ಲವಲ್ಲ, ಚೌಕ ಹೇಗೆ ತೋರಿಸಲಿ?

ಅಕ್ಕ: ಕೇಳಲಿಲ್ಲ ಅಂದ್ರೆ ಫೋನಿಗೆ ಲಾಕೇ ಹಾಕಿಲ್ಲ ಅಂತ ಅರ್ಥ. ಎಷ್ಟು ಸಲ ಹೇಳಿದ್ದೆ?

ಚಿಕ್ಕಮ್ಮ: ನನ್ನ ಹಳೇ ಫೋನಿನಲ್ಲಿ ಶೇರ್ ಬಟನ್ನೇ ಇಲ್ಲ.

ನಾನು: ಅದು ಆಂಡ್ರಾಯ್ಡ್ 10ರಲ್ಲಿ, 2019ರಲ್ಲಿ ಬಂದದ್ದು ಚಿಕ್ಕಮ್ಮ. ಐಫೋನ್ ಇನ್ನೂ ತಡ ಮಾಡಿತು. 2022ರ ಐಓಎಸ್ 16ರವರೆಗೆ ಪಕ್ಕದ ಐಫೋನಿಗೆ ಪಾಸ್‌ವರ್ಡ್ ದಾಟಿಸಬಹುದಿತ್ತು, ಆದರೆ ಸೆಟ್ಟಿಂಗ್ಸ್‌ನಲ್ಲಿ ತೆರೆದು ಓದುವಂತಿರಲಿಲ್ಲ.

ಭಾವ: ಭಾಷಣ ಸಾಕು. ನನ್ನ ಫೋನಿನಲ್ಲಿ ಚೌಕದ ಕೆಳಗೆ ಅಕ್ಷರವೂ ಬರುತ್ತದೆ. ಹೋದ ಸಲ ಮಾವನ ಮನೆಗೆ ಬಂದಾಗ ಸೇವ್ ಆದದ್ದು. ಮಾವ, ಫೋನ್ ಮಾಡಿ ಹೇಳುತ್ತೇನೆ. ಉಳಿದವರು ಹೇಗಿರುತ್ತದೆ ಅಂತ ನೋಡಿಕೊಳ್ಳಿ 👇

ಭಾವ: 📷 ಫೋಟೊ

ಭಾವ: ಪಾಸ್‌ವರ್ಡ್ ಮೇಲೆ ಕಪ್ಪು ಮಸಿ ಬಳಿದಿದ್ದೇನೆ. ಭಯ ಬೇಡ 😎

ಅಕ್ಕ: ಒಂದು ನಿಮಿಷ. ಅವತ್ತು ನಾನು ಕೈ ಅಡ್ಡ ಇಟ್ಟುಕೊಂಡು ಎಲ್ಲರ ಫೋನಿಗೂ ಒಂದೊಂದಾಗಿ ಟೈಪ್ ಮಾಡಿಕೊಟ್ಟಿದ್ದು. ಯಾರಿಗೂ ಗೊತ್ತಾಗಬಾರದು ಅಂತ. ಅಷ್ಟೂ ಜನ ಈಗ ಓದಬಹುದಾ?

ನಾನು: ಓದಬಹುದು ಅಕ್ಕ. ಫೋನ್ ಇಲ್ಲಿ ಯಾವ ಬೀಗವನ್ನೂ ಮುರಿಯುತ್ತಿಲ್ಲ. ನೀನೇ ಕೊಟ್ಟ ಬೀಗದ ಕೈಯನ್ನು ಜೇಬಿನಿಂದ ತೆಗೆದು ತೋರಿಸುತ್ತಿದೆ, ಅಷ್ಟೇ. ಅದಿರಲಿ, ಭಾವ ಮೊದಲು ಆ ಫೋಟೊ ತೆಗೆಯಲಿ.

ಭಾವ: ಯಾಕೆ? ಮಸಿ ಕಾಣಿಸುತ್ತಿಲ್ವಾ?

ನಾನು: ಮಸಿ ಅಕ್ಷರದ ಮೇಲಿದೆ. ಕ್ಯೂಆರ್ ಹಾಗೇ ಇದೆ. ಫೋಟೊ ಸೇವ್ ಮಾಡಿಕೊಂಡು ಸ್ಕ್ಯಾನ್ ಮಾಡಿದೆ. ಒಳಗೆ ಒಂದೇ ಒಂದು ಸಾಲು. ಎಸ್ ಅಕ್ಷರದ ಮುಂದೆ ನೆಟ್‌ವರ್ಕ್ ಹೆಸರು, ಟಿ ಮುಂದೆ ಡಬ್ಲ್ಯೂಪಿಎ ಅಂತ ವೈಫೈ ಭದ್ರತೆಯ ಬಗೆ, ಪಿ ಮುಂದೆ ಪಾಸ್‌ವರ್ಡ್. ಗುಪ್ತಲಿಪಿ ಗಿಪ್ತಲಿಪಿ ಏನೂ ಇಲ್ಲ. 13 ಅಕ್ಷರ, ಕೊನೆಯಲ್ಲಿ ದೊಡ್ಡಪ್ಪನ ಹಳೇ ಸ್ಕೂಟರ್ ನಂಬರ್.

ದೊಡ್ಡಪ್ಪ: ಹೌದು!! ಈಗ ನೆನಪಾಯಿತು!

ಭಾವ: ಇರೋದು ನಮ್ಮ ಮನೆಯವರ ಗುಂಪು. ಯಾರು ಕದಿಯುತ್ತಾರೆ? ಕದ್ದರೂ ಮಾವನ ಗೋಡೆ ಪಕ್ಕ ಬಂದು ನಿಂತರೆ ತಾನೇ ಸಿಗ್ನಲ್ ಸಿಗೋದು? ಸುಮ್ನೆ ದೊಡ್ಡದು ಮಾಡ್ತೀರಿ.

ನಾನು: ಗೋಡೆಯ ಮಾತು ನಿಜ. ದೂರದ ಊರಿನವನಿಗೆ ಅದರಿಂದ ಉಪಯೋಗ ಇಲ್ಲ. ಆದರೆ ಈ ಗುಂಪಿಗೆ ಬಂದದ್ದು ಇಲ್ಲೇ ಉಳಿದ ದಿನ ಯಾವುದಾದರೂ ಇದೆಯಾ? ಇವತ್ತಿನ ಫಾರ್ವರ್ಡ್ ಎಷ್ಟು ಗುಂಪು ಸುತ್ತಿ ಬಂತೋ. ಮತ್ತೆ ವೈಫೈಗೆ ಬಂದವನಿಗೆ ಬರೀ ಇಂಟರ್ನೆಟ್ ಸಿಗುವುದಲ್ಲ. ಅದೇ ನೆಟ್‌ವರ್ಕ್‌ನಲ್ಲಿರುವ ಪ್ರಿಂಟರ್, ಕ್ಯಾಮೆರಾ, ರೂಟರ್‌ನ ಸೆಟ್ಟಿಂಗ್ಸ್ ಪುಟ ಎಲ್ಲದರ ಬಾಗಿಲ ತನಕ ಬಂದ ಹಾಗೆ.

ಅಕ್ಕ: ರೂಟರ್ ಪುಟಕ್ಕೂ ಅದೇ ಪಾಸ್‌ವರ್ಡ್ ಇಟ್ಟಿದ್ದೇನೆ 😐

ಭಾವ: ಅದು ನನ್ನ ತಪ್ಪಾ?

ಅಕ್ಕ: ಫೋಟೊ ತೆಗೀರಿ ಮೊದಲು.

(ಈ ಸಂದೇಶವನ್ನು ಅಳಿಸಲಾಗಿದೆ)

ಭಾವ: ತೆಗೆದೆ. ಮುಗೀತಾ?

ನಾನು: ನಾನೇ ಸೇವ್ ಮಾಡಿಕೊಂಡಿದ್ದೇನಲ್ಲ. ಇನ್ನೆಷ್ಟು ಜನ ಮಾಡಿಕೊಂಡಿದ್ದಾರೋ. ಪಾಸ್‌ವರ್ಡ್ ಬದಲಾಯಿಸೋದೇ ಸರಿ.

ದೊಡ್ಡಪ್ಪ: ಬೇಡಪ್ಪ! ಆಮೇಲೆ ಕ್ಯಾಮೆರಾ, ಪ್ರಿಂಟರ್, ಮೂರು ಫೋನ್, ಎಲ್ಲದಕ್ಕೂ ಮತ್ತೆ ಹಾಕಬೇಕು. ಹಿಂದೊಮ್ಮೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಎರಡು ದಿನ ಇಂಟರ್ನೆಟ್ಟೇ ಇರಲಿಲ್ಲ.

ನಾನು: ಅದು ರೀಸೆಟ್. ಕಂಪನಿಯವರು ಹಾಕಿದ್ದ ಸೆಟ್ಟಿಂಗೂ ಅಳಿಸಿಹೋಗಿತ್ತು. ಈಗ ಪಿನ್ ಮುಟ್ಟಲೇಬೇಡಿ. ರೂಟರ್ ಪುಟ ತೆರೆದು ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಇಂಟರ್ನೆಟ್ ಎಲ್ಲೂ ಹೋಗುವುದಿಲ್ಲ. ಮತ್ತೆ ಹಾಕುವ ಕೆಲಸ ಇರುವುದು ನಿಜ, ಅದನ್ನು ತಪ್ಪಿಸೋಕಾಗಲ್ಲ.

ಅಕ್ಕ: ಅಪ್ಪ, ಸಂಜೆ ನಾನು ಬಂದು ಮಾಡುತ್ತೇನೆ. ಗೆಸ್ಟ್ ನೆಟ್‌ವರ್ಕ್ ಅಂತ ಒಂದಿದೆ, ಅದನ್ನೂ ಹಾಕಿಬಿಡುತ್ತೇನೆ. ಬಂದವರಿಗೆಲ್ಲ ಅದನ್ನೇ ಕೊಡಿ. ಅಳಿಯನಿಗೂ.

ಭಾವ: ನಾನು ಗೆಸ್ಟಾ?!

ಚಿಕ್ಕಮ್ಮ: 😂😂

ರಾತ್ರಿ 8:40

ದೊಡ್ಡಪ್ಪ: ಹೊಸ ಪಾಸ್‌ವರ್ಡ್ ಆಯಿತು. ಫೋನಿಗೆ ಲಾಕೂ ಹಾಕಿಸಿಕೊಂಡೆ. ಅವಳು ಈಗಷ್ಟೇ ಹೊರಟಳು. ಆದರೆ ಟಿವಿ ತಪ್ಪು ಪಾಸ್‌ವರ್ಡ್ ಅನ್ನುತ್ತಿದೆ. ಚೀಟಿ ನೋಡಿಕೊಂಡೇ ಹಾಕಿದ್ದೇನೆ.

ನಾನು: ದೊಡ್ಡಕ್ಷರ ಇದೆಯಾ ನೋಡಿ. ಟಿವಿಯ ಕೀಲಿಮಣೆಯಲ್ಲಿ ಮೇಲಕ್ಕೆ ತೋರಿಸುವ ಬಾಣ ಒತ್ತಿದರೆ ಬರುತ್ತದೆ.

ದೊಡ್ಡಪ್ಪ: ಒತ್ತಿದೆ. ಆದರೂ ಆಗುತ್ತಿಲ್ಲ.

ಅಕ್ಕ: ಅಪ್ಪ, ಐದನೆಯದು ಓ ಅಲ್ಲ, ಸೊನ್ನೆ. ಅದರ ಮುಂದೆ ಸಣ್ಣ ಎಲ್.

ಭಾವ: ಈಗ ಗುಂಪಿನಲ್ಲಿ ಪಾಸ್‌ವರ್ಡ್ ಹಂಚುತ್ತಿರುವುದು ಯಾರು ಸ್ವಾಮಿ?

(ಈ ಸಂದೇಶವನ್ನು ಅಳಿಸಲಾಗಿದೆ)

ದೊಡ್ಡಪ್ಪ: ಬಂತು ಬಂತು! ಯಾಕೆ ಅಳಿಸಿದೆ? ಸೊನ್ನೆ ಆದಮೇಲೆ ಏನು ಅಂದೆ ಅಂತ ಚೀಟಿಯಲ್ಲಿ ತಿದ್ದಿಕೊಳ್ಳೋಣ ಅಂತಿದ್ದೆ.